ಆರಿದ ಮೇಣದಬತ್ತಿ ಉರಿಯುತ್ತಿತ್ತು

ಒಂದೇ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದವರಿಗೆ ಒಂದು ಶಕ್ತಿ ಬರುತ್ತದೆ. ಅವರು ಕೆಲಸದ ಕಡೆ ನೋಡಬೇಕಾಗಿಲ್ಲ. ವಿದ್ಯಾರಣ್ಯಪುರಂನಲ್ಲಿ ನಮ್ಮ ಬೀದಿಯ ಮೂಲೆಯಲ್ಲಿ ಕೂರುವ ಹೂವಿನ ಜಯಮ್ಮನವರು ಹೂ ಕಟ್ಟುವಾಗ ಬೆರಳು ನೋಡಿಕೊಳ್ಳುವುದಿಲ್ಲ. ಎದುರು ಅಂಗಡಿಯವರ ಜೊತೆ ಜಗಳ ಆಡುತ್ತಲೇ ಎರಡು ಮಾರು ಕಟ್ಟಿಬಿಡುತ್ತಾರೆ. ಜಗಳವೂ ಸಡಿಲವಾಗುವುದಿಲ್ಲ, ಮಾಲೆಯೂ ಸಡಿಲವಾಗುವುದಿಲ್ಲ. ನನಗೂ ಅಂಥದೇ ಶಕ್ತಿ ಬಂದಿದೆ ಎಂದು ನಾನು ನಂಬಿದ್ದೆ. ವ್ಯತ್ಯಾಸ ಇಷ್ಟೇ. ಜಯಮ್ಮನವರ ಮಾಲೆಯನ್ನು ಗಿರಾಕಿ ಎಳೆದು ನೋಡುತ್ತಾನೆ. ನನ್ನ ಕೆಲಸವನ್ನು ಕಳೆದ ತಿಂಗಳವರೆಗೆ ಯಾರೂ ಎಳೆದು ನೋಡಿರಲಿಲ್ಲ.

ನನ್ನ ಕೆಲಸ ಮೇಷ್ಟ್ರಾಗುವವರಿಗೆ ಮೇಷ್ಟ್ರಾಗಿರುವುದು. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡಲು ಹೊರಟವರಿಗೆ ನಾನು ತರಬೇತಿ ಕೊಡುತ್ತೇನೆ. "ಮಕ್ಕಳಿಗೆ ವಿಜ್ಞಾನವನ್ನು ಹೇಳಬೇಡಿ, ಮಾಡಿಸಿ" ಎನ್ನುವುದು ನನ್ನ ಮುಖ್ಯ ಪಾಠ. ಇದನ್ನು ನಾನು ಎರಡು ಗಂಟೆ ನಿಂತು ಹೇಳುತ್ತೇನೆ, ಅವರು ಕೂತು ಬರೆದುಕೊಳ್ಳುತ್ತಾರೆ. ಬರೆದುಕೊಂಡ ದಪ್ಪ ದಪ್ಪ ದಾಖಲೆ ಪುಸ್ತಕಗಳನ್ನು ಸಹಿಗೆ ತಂದಾಗ, "ನೀವು ಬರೆದಿದ್ದೀರಿ ಅಂದ್ಮೇಲೆ ನೋಡೋದೇನಿದೆ?" ಎಂದು ಸಹಿ ಮಾಡಿಕೊಡುತ್ತೇನೆ. ಇದು ಅವರ ಮೇಲಿನ ವಿಶ್ವಾಸ ಎಂದು ಅವರೂ ತಿಳಿದಿದ್ದಾರೆ, ನಾನೂ ತಿಳಿದಿದ್ದೆ.

ವರ್ಷದ ಕೊನೆಗೆ ಇವರು ನಿಜವಾದ ಶಾಲೆಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಪರಿವೀಕ್ಷಣಾ ಪುಸ್ತಕದಲ್ಲಿ ಬರೆದು, ಅಂಕ ಕೊಡಬೇಕು. ಪಾಠಯೋಜನೆ ಎಂಬ ಕಾಗದ ಮೊದಲೇ ನನ್ನ ಕೈಗೆ ಬಂದಿರುತ್ತದೆ. ಅದರಲ್ಲಿ ಎಡಗಡೆ ಶಿಕ್ಷಕರ ಪ್ರಶ್ನೆ, ಬಲಗಡೆ ಮಕ್ಕಳ ನಿರೀಕ್ಷಿತ ಉತ್ತರ. ಮಕ್ಕಳು ಏನು ಹೇಳುತ್ತಾರೆ ಎಂದು ಮಕ್ಕಳನ್ನು ನೋಡುವ ಮೊದಲೇ ಬರೆದಿಡುವುದು ನಮ್ಮ ವಿದ್ಯೆ. ಹೊರಗಿನವರಿಗೆ ಇದು ಜ್ಯೋತಿಷ್ಯದಂತೆ ಕಾಣಬಹುದು. ಆದರೆ ನಮ್ಮ ಫಲ ಎಂದೂ ತಪ್ಪುವುದಿಲ್ಲ. ಕಾರಣ, ನಾವು ಹೋಗುವ ಮಂಡಿ ಮೊಹಲ್ಲಾದ ಆ ಶಾಲೆಯ ಮಕ್ಕಳು ಪಳಗಿದವರು. ಒಂದನೇ ತರಗತಿಯಿಂದಲೂ ನಮ್ಮವರ ಪಾಠ ತಿಂದು ಬೆಳೆದವರು. ಐದನೇ ತರಗತಿಗೆ ಬರುವ ಹೊತ್ತಿಗೆ, ಲೋಟ ಮುಚ್ಚಿದರೆ ಮೇಣದಬತ್ತಿ ಆರುವುದನ್ನು ನಾಲ್ಕು ಸಲ ನೋಡಿರುತ್ತಾರೆ. ಒಬ್ಬ ತರಬೇತಿ ಶಿಕ್ಷಕನಿಗೆ ಮಾತು ಮರೆತುಹೋದಾಗ ಮುಂದಿನ ಸಾಲಿನಿಂದಲೇ, "ಸಾರ್, ಈಗ ನೀವು 'ಯಾಕೆ' ಅಂತ ಕೇಳ್ಬೇಕು" ಎಂದು ಎತ್ತಿಕೊಟ್ಟದ್ದನ್ನು ನಾನೇ ಕೇಳಿದ್ದೇನೆ.

ಈಗ ಮಂಜುಳ. ನಂಜನಗೂಡಿನ ಕಡೆಯ ಹುಡುಗಿ. ಮನೆಯಲ್ಲಿ ಬೇಸಾಯ. ಬರೆಯುವುದರಲ್ಲಿ ಅಚ್ಚುಕಟ್ಟು, ಮಾತಾಡುವುದರಲ್ಲಿ ಭಯ. ಮೊದಲನೇ ಪರೀಕ್ಷಾ ಪಾಠದಲ್ಲಿ ಧ್ವನಿ ಹೊರಡಲಿಲ್ಲ. ಎರಡನೆಯದರಲ್ಲಿ ಧ್ವನಿ ಹೊರಟಿತು, ಅದು ಅಳು. ಎರಡು ಸಲವೂ ನಾನು 'ಮರುಪಾಠ' ಎಂದು ಬರೆದೆ. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ಮುಂದಿನ ವರ್ಷ ಕಿರಿಯರ ಜೊತೆ ಮತ್ತೆ ಬರಬೇಕು.

"ಇನ್ನೊಂದು ವರ್ಷ ಅಂದ್ರೆ ಮನೇಲಿ ಕಳಿಸಲ್ಲ ಸಾರ್" ಎಂದಳು. ಆಮೇಲೆ, "ಲ್ಯಾಬಿನ ಗಾಜಿನ ಜಾಡಿ ಒಂದಿನಕ್ಕೆ ಕೊಡ್ತೀರಾ ಸಾರ್?" ಎಂದಳು.

ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಒಂದು ಒಳ್ಳೆಯ ಗಾಜಿನ ಜಾಡಿ ಇದೆ. ಬಳಸಿದರೆ ಒಡೆಯುತ್ತದೆ ಎಂದು ಬೀಗ ಹಾಕಿದ್ದೇವೆ. ಬೀಗದ ಕೈ ನನ್ನ ಹತ್ತಿರ.

"ನೋಡಮ್ಮ, ಒಡೆದ್ರೆ ಯಾರು ಉತ್ತರ ಹೇಳೋರು? ಮನೇಲಿರೋ ವಸ್ತುವಿನಲ್ಲೇ ಪ್ರಯೋಗ ಮಾಡಬೇಕು, ಅದೇ ನಿಜವಾದ ವಿಜ್ಞಾನ" ಎಂದೆ. ಇದೂ ನನ್ನ ಟಿಪ್ಪಣಿಯಲ್ಲಿರುವ ಮಾತೇ.

ಮುಂದೆ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಮಂಜುಳಳ ಮೂರನೇ ಪಾಠದ ದಿನ ನಾನು ಐದನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ನನಗೂ ಮೇಜಿಗೂ ನಡುವೆ ಆರು ಬೆಂಚು. ನನ್ನ ಪಕ್ಕದಲ್ಲಿ, ಕಿಟಕಿಯ ಕಡೆಗೆ, ನಸ್ರೀನ್ ಎಂಬ ಹುಡುಗಿ. ಮಂಜುಳ ಎರಡು ಲೀಟರಿನ ಒಂದು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಂದಿದ್ದಳು. ತುಂಡು ಮೇಣದಬತ್ತಿ ಹಚ್ಚಿ, ತಟ್ಟೆಯ ಮೇಲೆ ನಿಲ್ಲಿಸಿ, ಬಾಟಲಿಯನ್ನು ಮೇಲಿನಿಂದ ಇಟ್ಟಳು. ಮುಚ್ಚಳ ಹಾಕಿಯೇ ಇತ್ತು. ಈ ಸಲ ಧ್ವನಿ ಇತ್ತು. ಪರವಾಗಿಲ್ಲ ಎನ್ನಿಸಿತು. ನಾನು ಪೆನ್ನು ತೆಗೆದು, ಪಾಠಯೋಜನೆಯ ಬಲಗಡೆ ನೋಡಿ ಬರೆದೆ: "ಮೇಣದಬತ್ತಿಯು ನಿರೀಕ್ಷೆಯಂತೆ ಆರಿತು. ಪ್ರಯೋಗ ಯಶಸ್ವಿ."

"ಮಕ್ಕಳೇ, ಏನಾಯಿತು?" ಎಂದು ಮಂಜುಳ ಕೇಳಿದಳು.

"ಆರಿತು ಮಿಸ್!" ಎಂದಿತು ಇಡೀ ತರಗತಿ, ಒಂದೇ ಗಂಟಲಲ್ಲಿ.

"ಯಾಕೆ ಆರಿತು?"

"ಆಮ್ಲಜನಕ ಮುಗೀತು ಮಿಸ್!"

ನಸ್ರೀನ್ ನನ್ನ ಪುಸ್ತಕದ ಕಡೆ ಕತ್ತು ಚಾಚಿ ಓದಿದಳು. ಆಮೇಲೆ ಮೇಜಿನ ಕಡೆ ನೋಡಿದಳು. ಮತ್ತೆ ಪುಸ್ತಕ ನೋಡಿದಳು.

"ಸಾರ್, ಆರಿತು ಅಂತ ಬರೆದ್ಬುಟ್ಟಿದ್ದೀರಾ. ಉರೀತಾ ಐತಲ್ಲ?"

"ಷ್, ಪಾಠ ಕೇಳಮ್ಮ" ಎಂದೆ.

"ನೋಡಿ ಹೇಳಿ ಸಾರ್."

ನಾನು ತಲೆ ಎತ್ತಿದೆ. ಉರಿಯುತ್ತಿತ್ತು. ದೊಡ್ಡ ಉರಿಯಲ್ಲ, ಭತ್ತದ ಕಾಳಿನಷ್ಟು. ಆದರೆ ಅದಕ್ಕೆ ಆರುವ ಯೋಚನೆ ಏನೂ ಇದ್ದಂತಿರಲಿಲ್ಲ. ನಾನು ಗಡಿಯಾರ ನೋಡಿದೆ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಮಂಜುಳ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಏನು ಮಾಡಿದೆ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಕೈ ಸನ್ನೆ ಮಾಡಿದೆ. 'ಮುಂದೆ ಹೋಗಿ' ಎನ್ನುವ ಸನ್ನೆ. ಮುಂದೆ ಹೋದರೆ ಉಪಸಂಹಾರ, ಕಪ್ಪುಹಲಗೆಯ ಸಾರಾಂಶ, ಗಂಟೆ. ಎಲ್ಲರೂ ಪಾಸು. ಮಕ್ಕಳು ಆರಿತು ಎಂದಿದ್ದಾರೆ, ನಾನು ಆರಿತು ಎಂದು ಬರೆದಿದ್ದೇನೆ. ಆರಿಲ್ಲ ಎನ್ನುವುದು ಮೇಣದಬತ್ತಿಯೊಂದೇ.

ಮಂಜುಳ ನನ್ನ ಸನ್ನೆ ನೋಡಿಯೂ ಕದಲಲಿಲ್ಲ. "ಇಲ್ಲ ಮಕ್ಕಳೇ" ಎಂದಳು, ಬಹಳ ಮೆತ್ತಗೆ. "ಆರಿಲ್ಲ. ನೋಡಿ. ಯಾಕೆ ಆರಿಲ್ಲ ಅಂತ ನಂಗೂ ಗೊತ್ತಿಲ್ಲ."

ಮೇಡಂ ಒಬ್ಬರು ಗೊತ್ತಿಲ್ಲ ಎಂದದ್ದನ್ನು ಆ ಮಕ್ಕಳು ಅರಗಿಸಿಕೊಳ್ಳುತ್ತಿದ್ದರು. ಆಮೇಲೆ ಒಂದು ಬೆಂಚು ಎದ್ದಿತು, ಹಿಂದೆಯೇ ಎಲ್ಲ ಬೆಂಚೂ ಎದ್ದವು, ಮೇಜಿನ ಸುತ್ತ ಜೇನುಗೂಡು ಕಟ್ಟಿತು. ನಸ್ರೀನ್ ನನ್ನ ಮಂಡಿ ದಾಟಿಕೊಂಡೇ ಓಡಿದಳು.

"ಮಿಸ್, ಮುಚ್ಚಳದಲ್ಲಿ ತೂತು ಐತೆ!"

ತೂತು ಇತ್ತು. ಐದು. ಅದು ಮಂಜುಳಳ ತಾಯಿ ತುಳಸಿ ಗಿಡಕ್ಕೆ ನೀರು ಚಿಮುಕಿಸಲು ಮೊಳೆ ಕಾಯಿಸಿ ತೂತು ಮಾಡಿಟ್ಟುಕೊಂಡಿದ್ದ ಬಾಟಲಿ. ಮಗಳು ಅವಸರದಲ್ಲಿ ತಂದಿದ್ದಳು. ನಾನು ಹೇಳಿದ 'ಮನೇಲಿರೋ ವಸ್ತು' ಅದೇ.

"ಮಿಸ್, ಮೇಲೆ ಬಿಸಿ ಗಾಳಿ ಬತ್ತಾ ಐತೆ, ಕೈ ಇಟ್ಟು ನೋಡಿ!"

"ಏ ಸರಿಯೋ, ನಂಗೆ ಬುಡು!"

"ಕೆಳಗೂ ಸಂದು ಐತೆ ಕಣ್ರೋ, ಕತ್ತರಿಸಿದ್ದು ಸೊಟ್ಟ!"

"ಅಂಗಾದ್ರೆ ಕೆಳಗಿಂದ ಬಂದು ಮೇಲಿಂದ ಓಯ್ತದೆ."

"ಯಾವುದು ಓಯ್ತದೆ?" ಎಂದು ಮಂಜುಳ ಕೇಳಿದಳು. ಈ ಪ್ರಶ್ನೆ ಪಾಠಯೋಜನೆಯಲ್ಲಿ ಇರಲಿಲ್ಲ.

"ಗಾಳಿ ಮಿಸ್!"

"ಹೌದಾ? ಹೆಂಗೆ ಗೊತ್ತಾಗತ್ತೆ?"

ನಸ್ರೀನ್ ಅಂಗೈ ಒತ್ತಿ ಮುಚ್ಚಳದ ತೂತುಗಳನ್ನು ಮುಚ್ಚಿದಳು. ಉರಿ ಸಾಸಿವೆಯಷ್ಟಾಯಿತು. ಕೈ ತೆಗೆದಳು, ಭತ್ತದ ಕಾಳಾಯಿತು. ಮತ್ತೆ ಮುಚ್ಚಿದಳು, ಮತ್ತೆ ತೆಗೆದಳು. ಪ್ರತಿ ಸಲವೂ ಕೂಗು. ನಾನೂ ಎದ್ದು ಹೋಗಿ ತಲೆಗಳ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ನಾನು ಪೂರ್ತಿ ನೋಡಿದ ಮೊದಲ ಮೇಣದಬತ್ತಿ ಅದು. ಕೊನೆಗೆ ಒಬ್ಬ ಹುಡುಗ ಕರವಸ್ತ್ರ ಒದ್ದೆ ಮಾಡಿ ತಳಕ್ಕೆ ಸುತ್ತಿದ, ನಸ್ರೀನ್ ಮೇಲೆ ಕೈ ಇಟ್ಟು ಎತ್ತಲೇ ಇಲ್ಲ. ಸಾಸಿವೆ ನೀಲಿಯಾಯಿತು. ಆರಿತು. ಅದೇ ಹೊತ್ತಿಗೆ ಗಂಟೆ ಹೊಡೆಯಿತು. ಯಾರೂ ಹೊರಗೆ ಓಡಲಿಲ್ಲ. ಉಪಸಂಹಾರ ಆಗಲಿಲ್ಲ. ಕಪ್ಪುಹಲಗೆ ಖಾಲಿ.

ಮಂಜುಳ ನನ್ನ ಹತ್ತಿರ ಬಂದು ನಿಂತಳು. ಕಣ್ಣು ತುಂಬಿತ್ತು. "ಮರುಪಾಠಾನಾ ಸಾರ್?"

ನಮ್ಮ ನಿಯಮದ ಪ್ರಕಾರ ಹೌದು. ಫಲಿತಾಂಶ ನಿರೀಕ್ಷೆಯಂತೆ ಬಂದಿಲ್ಲ, ಪಾಠ ಮುಗಿದಿಲ್ಲ. ನಾನು ಮೊದಲು ಬರೆದದ್ದನ್ನು ಹಾಗೇ ಬಿಟ್ಟರೆ ಅವಳು ಪಾಸು. ಸುಳ್ಳಿನ ಮೇಲೆ ಪಾಸು. ನಿಜ ಬರೆದರೆ ಅಂಕಕ್ಕೆ ನಾನು ಉತ್ತರ ಹೇಳಬೇಕು. ಅದೂ ಅಲ್ಲದೆ ಪರಿವೀಕ್ಷಣಾ ಪುಸ್ತಕದಲ್ಲಿ ಒಂದಕ್ಷರ ಹೊಡೆದುಹಾಕಿದರೂ ಪಕ್ಕದಲ್ಲಿ ಕಾರಣ ಬರೆದು ಪ್ರಾಂಶುಪಾಲರ ಸಹಿ ಹಾಕಿಸಬೇಕು. ನಸ್ರೀನ್ ನನ್ನ ಪೆನ್ನನ್ನೇ ನೋಡುತ್ತ ನಿಂತಿದ್ದಳು. ಅವಳಷ್ಟು ಕಟ್ಟುನಿಟ್ಟಿನ ಪರಿವೀಕ್ಷಕರು ನಮ್ಮ ಇಲಾಖೆಯಲ್ಲಿ ಇಲ್ಲ.

ನಾನು ಮೊದಲಿನ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ: "ಮೇಣದಬತ್ತಿ ಆರಲಿಲ್ಲ. ಯಾಕೆಂದು ಮಕ್ಕಳೇ ಕಂಡುಹಿಡಿದರು." ಇಪ್ಪತ್ತೈದಕ್ಕೆ ಇಪ್ಪತ್ತಮೂರು ಕೊಟ್ಟೆ. ತಿದ್ದುಪಡಿಗೆ ಕಾರಣ ಎಂಬಲ್ಲಿ, "ಪರಿವೀಕ್ಷಕರು ನೋಡದೆ ಬರೆದಿದ್ದರಿಂದ" ಎಂದು ನಿಧಾನವಾಗಿ, ಸ್ಪಷ್ಟವಾಗಿ ಬರೆದೆ.

ಮಾರನೆಯ ದಿನ ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಗದರುತ್ತಾರೆ, ನಾನು ತಲೆ ತಗ್ಗಿಸದೆ ನಿಜ ಹೇಳುತ್ತೇನೆ, ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಇಷ್ಟನ್ನೂ ನಾನು ರಾತ್ರಿಯೇ ಯೋಜನೆ ಹಾಕಿಟ್ಟಿದ್ದೆ; ಎಡಗಡೆ ಅವರ ಪ್ರಶ್ನೆ, ಬಲಗಡೆ ನನ್ನ ಉತ್ತರ. ಪುಸ್ತಕ ತೆರೆದು ಮುಂದಿಟ್ಟೆ. ಅವರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿ ನನ್ನ ಕಡೆ ತಳ್ಳಿದರು.

"ಸಾರ್, ಅಲ್ಲಿ ಒಂದು ಕಾರಣ ಬರೆದಿದ್ದೀನಿ. ಒಂದ್ಸಲ ನೋಡಿ" ಎಂದೆ.

ಅವರು ಫೋನಿಗೆ ಕೈ ಅಡ್ಡ ಹಿಡಿದು, ವಿಶ್ವಾಸದಿಂದ ನಕ್ಕರು. "ನೀವು ಬರೆದಿದ್ದೀರಿ ಅಂದ್ಮೇಲೆ ನೋಡೋದೇನಿದೆ ರೀ?"

ಹೀಗೆ ನನ್ನ ಬದುಕಿನ ಒಂದೇ ಒಂದು ಪ್ರಾಮಾಣಿಕ ವಾಕ್ಯವನ್ನು ಈವರೆಗೆ ನಸ್ರೀನ್ ಒಬ್ಬಳೇ ಓದಿದ್ದಾಳೆ. ಮಂಜುಳ ಪಾಸಾದಳು. ಜಾಡಿಯ ಬೀರುವಿಗೆ ಈಗ ಬೀಗವಿಲ್ಲ. ಜಾಡಿಯೂ ಇಲ್ಲ, ಎರಡನೇ ವಾರಕ್ಕೇ ಒಡೆಯಿತು. ಒಡೆದವನು ನಾನೇ, ನೋಡದೆ ಕೈ ಹಾಕಿದ್ದೆ. ಪರೀಕ್ಷಾ ಪಾಠಗಳಲ್ಲಿ ಈಗ ನಾನು ಮುಂದಿನ ಬೆಂಚಿನಲ್ಲಿ, ಮೇಜಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಕಣ್ಣು ಮಿಟುಕಿಸದೆ ನೋಡುತ್ತೇನೆ. ನನ್ನ ಈ ಸುಧಾರಣೆಯ ಬಗ್ಗೆ ಸ್ವಲ್ಪ ಹೆಮ್ಮೆಯೂ ಬಂದಿತ್ತು. ಮೊನ್ನೆ ಅದೇ ತರಗತಿಯಲ್ಲಿ ಹಾಗೆ ಕೂತಿದ್ದಾಗ ಹಿಂದಿನಿಂದ ಯಾರೋ ನನ್ನ ಬೆನ್ನು ತಟ್ಟಿದರು. ತಿರುಗದೆಯೇ ಧ್ವನಿ ಗೊತ್ತಾಯಿತು.

"ಸಾರ್, ಒಸಿ ತಲೆ ಬಗ್ಸಿ. ನಾವೂ ನೋಡ್ಬೇಕು."