ಬೆಂಕಿಪೊಟ್ಟಣದ ಊರು

ಆ ಭಾನುವಾರ ರಂಗಸಾಮಿಗೆ ಹೆಂಡತಿ ಒಪ್ಪಿಸಿ ಹೋದ ಕೆಲಸ ಮೂರೇ ಮೂರು. ಮಗಳನ್ನು ನೋಡಿಕೊಳ್ಳಬೇಕು, ಮಧ್ಯಾಹ್ನ ದ್ರಾಕ್ಷಿ ತೋಟಕ್ಕೆ ನೀರು ಹಾಯಿಸಬೇಕು, ಬೆಳಿಗ್ಗೆಯಷ್ಟೇ ಸಗಣಿ ಸಾರಿಸಿದ ಮನೆಮುಂದಿನ ತಿಣ್ಣೆಯ ಮೇಲೆ ಒಂದು ಕಲೆಯೂ ಬೀಳಬಾರದು. ಚಿನ್ನಮನೂರಿಗೆ ತಂಗಿಯ ಸೀಮಂತಕ್ಕೆ ಹೋಗಿ ಅವತ್ತೇ ಮರಳಬೇಕಿದ್ದ ಕಣ್ಣಮ್ಮಾಳ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಮೂರನೆಯದನ್ನು ಎರಡು ಸಲ ಹೇಳಿದಳು. ಅನಾಹುತವೆಲ್ಲ ಆ ಮೂರನೆಯದರಿಂದಲೇ ಶುರುವಾಯಿತು.

ನೀರಿನ ಮಾತೇನೂ ಸಣ್ಣದಲ್ಲ. ಹನುಮಂತನಪಟ್ಟಿಯ ಕಾಲುವೆಯಲ್ಲಿ ಒಬ್ಬೊಬ್ಬರಿಗೆ ಎಂಟು ದಿನಕ್ಕೊಂದು ಸರದಿ. ರಂಗಸಾಮಿಯ ಸರದಿ ಅವತ್ತು ಎರಡು ಗಂಟೆಯಿಂದ ಹೊತ್ತು ಮುಳುಗುವವರೆಗೆ. ದ್ರಾಕ್ಷಿ ಆಗಷ್ಟೇ ರಸ ತುಂಬಿಕೊಳ್ಳುತ್ತಿತ್ತು. ಈ ಸರದಿ ತಪ್ಪಿದರೆ ಹಣ್ಣು ಸುಕ್ಕಾಗುತ್ತದೆ, ವ್ಯಾಪಾರಿ ಗೊಂಚಲನ್ನು ಎತ್ತಿ ನೋಡಿ ಮಾತಾಡದೆ ಕೆಳಗಿಡುತ್ತಾನೆ, ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ಮಗಳು ತಿಲಗವತಿಗೆ ಒಂಬತ್ತು ವರ್ಷ. ರಜೆಯೆಲ್ಲ ಅವಳು ಬೆಂಕಿಪೊಟ್ಟಣವನ್ನೇ ಅಚ್ಚು ಮಾಡಿಕೊಂಡು ಪುಟ್ಟ ಪುಟ್ಟ ಮಣ್ಣಿನ ಇಟ್ಟಿಗೆ ಹೊಯ್ದಿದ್ದಳು. ಪಕ್ಕದ ಮನೆಯ ಕರುಪ್ಪಯ್ಯ ತನ್ನ ಇಟ್ಟಿಗೆ ಗೂಡಿನಲ್ಲಿ ದೊಡ್ಡ ಇಟ್ಟಿಗೆಗಳ ಸಂದಿಗೆ ಅವನ್ನೂ ತೂರಿಸಿ ಸುಟ್ಟುಕೊಟ್ಟಿದ್ದ. ಅವತ್ತು ಅವುಗಳಿಂದ ಇಡೀ ಊರನ್ನೇ ಕಟ್ಟುವುದೆಂದು ತೀರ್ಮಾನವಾಗಿತ್ತು. ಜೊತೆಗೆ ಊರ ಯಜಮಾನ ಲಕ್ಷ್ಮಣನ್ ಅವರ ಮೊಮ್ಮಗಳು, ಆರು ವರ್ಷದ ತಂಗಮ್ಮಾಳ್.

ಮಣ್ಣು ಕಲಸಿದರೆ ತಿಣ್ಣೆ ಕೆಡುತ್ತದೆಂದು ರಂಗಸಾಮಿ ಅಟ್ಟದಿಂದ ಹಳೆಯ ಕರಿ ಕಂಬಳಿ ಇಳಿಸಿ ಹಾಸಿದ. ನೀರಿಗಾಗಿ ಹಿತ್ತಾಳೆ ಚೊಂಬನ್ನು ತುಂಬಿಸಿ ಅದರ ಮೇಲಿಟ್ಟ. ಹತ್ತು ನಿಮಿಷ ನೋಡುತ್ತ ಕುಳಿತವನು ಹನ್ನೊಂದನೆಯ ನಿಮಿಷಕ್ಕೆ ತಾನೂ ಇಟ್ಟಿಗೆ ಜೋಡಿಸತೊಡಗಿದ. ಮನೆ ಎದ್ದಿತು, ಗುಡಿ ಎದ್ದಿತು, ಎರಡು ಸಾಲು ಇಟ್ಟಿಗೆಯ ನಡುವೆ ಕಾಲುವೆಯೂ ಹರಿಯಲು ಸಿದ್ಧವಾಯಿತು. ತಂಗಮ್ಮಾಳ್ ಗುಡಿಯ ಮುಂದೆ ಒಂದು ಕಡ್ಡಿ ನೆಟ್ಟು ಕರೆಂಟ್ ಕಂಬ ಎಂದಳು. ಕರೆಂಟ್ ಇನ್ನೂ ಊರಿಗೆ ಬಂದಿರಲಿಲ್ಲ. ರಂಗಸಾಮಿ ಕಡ್ಡಿಯನ್ನು ಕಿತ್ತು, ಮೇಷ್ಟರ ಗತ್ತಿನಲ್ಲಿ ಇಬ್ಬರಿಗೂ ಪಾಠ ಹೇಳಿದ.

"ಇಲ್ದೇ ಇರೋದನ್ನ ಇಡಬಾರದು, ಇರೋದನ್ನ ಬಿಡಬಾರದು. ಊರು ಕಟ್ಟೋದು ಅಂದ್ರೆ ಅದು."

ಗುಡಿಯ ಹಿಂದೆ ಬೇವಿನ ಮರ ಇದೆಯಲ್ಲ ಎಂದು ತಿಲಗವತಿಗೆ ನೆನಪಾಯಿತು. ಓಡಿಹೋಗಿ ಒಂದು ಬೇವಿನ ಕುಡಿ ಮುರಿದು ತಂದು, ಬಾಡದಿರಲೆಂದು ಚೊಂಬಿನಲ್ಲಿ ನಿಲ್ಲಿಸಿದಳು.

ಅದೇ ಹೊತ್ತಿಗೆ ಕರುಪ್ಪಯ್ಯ ಹೊರಗೆ ಬಂದ. ಕಂಬಳಿ ನೋಡಿದ, ತುಂಬಿದ ಚೊಂಬು ನೋಡಿದ, ಬೇವಿನ ಕುಡಿ ನೋಡಿದ. ತಲೆಯ ಮೇಲಿದ್ದ ತುಂಡುಬಟ್ಟೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ.

ಯಾವ ಕಾಲದಲ್ಲೋ ಬಡಗಣ ಸೀಮೆಯಿಂದ ಇಳಿದು ಬಂದ ಇಲ್ಲಿನ ಕನ್ನಡದ ಒಕ್ಕಲುಗಳು ಜೊತೆಗೆ ತಂದದ್ದು ತಮ್ಮ ಮಾತು, ದನ ಮತ್ತು ಕಂಬಳಿ. ಕರಿ ಕಂಬಳಿ ಹಾಸಿ, ಚೊಂಬಿಟ್ಟು, ಬೇವು ಇಟ್ಟರೆ ಕುಲದ ಪಂಚಾಯಿತಿ ಕೂಡಿತೆಂದೇ ಅರ್ಥ. ಯಾರ ಮನೆಯದಾದರೂ ಸರಿ. ಒಂದು ದೂರು ಕೇಳಿ ತೀರ್ಪು ಹೇಳುವ ತನಕ ಕಂಬಳಿ ಮಡಿಚುವಂತಿಲ್ಲ, ಹಾಸಿದವನು ಏಳುವಂತಿಲ್ಲ. ಮಡಿಚಿದ ಮೇಲೆ ಆ ತೀರ್ಪಿನ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ.

ಇದು ಮಕ್ಕಳ ಆಟವೆಂದು ರಂಗಸಾಮಿ ಪರಿಪರಿಯಾಗಿ ಹೇಳಿದ. ಕರುಪ್ಪಯ್ಯ ಶಾಂತವಾಗಿ ಕೇಳಿಸಿಕೊಂಡ.

"ಯಾಕೆ ಹಾಕಿದ್ಯೋ ಅದು ಕಂಬಳಿಗೆ ಗೊತ್ತಾತದಾ ತಮ್ಮಾ? ಹಾಕಾಯ್ತು. ಕೂತ್ಕ, ಯಜಮಾನ್ರನ್ನ ಕರ್ಕಂಡ್ ಬತ್ತೀನಿ."

ಒಂದು ಗಂಟೆಯ ಹೊತ್ತಿಗೆ ಲಕ್ಷ್ಮಣನ್ ಅವರೂ ಹತ್ತು ಜನ ಹಿರಿಯರೂ ಬಂದು ಕಂಬಳಿಯ ಸುತ್ತ ಕುಳಿತರು. ನಡುವೆ ಊರು ಇದ್ದದ್ದರಿಂದ ಕಾಲು ಚಾಚಲು ಜಾಗವಿರಲಿಲ್ಲ. ಕಾಲುವೆಯ ಕಡೇ ಹೊಲದ ಪೊನ್ನಮ್ಮಾಳ್, ಗಂಡನಿಲ್ಲದ ಹೆಂಗಸು, ಯಾರೂ ಕರೆಯದಿದ್ದರೂ ಬಂದು ಕಂಬಕ್ಕೆ ಒರಗಿ ನಿಂತಳು. ಎಲ್ಲ ಪಂಚಾಯಿತಿಗೂ ಅವಳು ಹಾಗೆಯೇ ಬಂದು ನಿಲ್ಲುತ್ತಿದ್ದಳು.

ಪಿರಾದು ಏನೆಂದು ಯಜಮಾನರು ಕೇಳಿದರು. ಇಲ್ಲವೆಂದ ರಂಗಸಾಮಿ. ದೂರಿಲ್ಲದೆ ಕಂಬಳಿ ಹಾಸಿದವನನ್ನು ಅವರು ಅರವತ್ತು ವರ್ಷದಲ್ಲಿ ಕಂಡಿರಲಿಲ್ಲವಂತೆ. ಸಾವಕಾಶವಾಗಿ ನೆನಪು ಮಾಡಿಕೊಳ್ಳಲಿ, ನಮಗೇನೂ ಅವಸರವಿಲ್ಲ ಎಂದರು.

ಅವಸರವಿದ್ದದ್ದು ರಂಗಸಾಮಿಗೆ. ತಿಣ್ಣೆಯ ನೆರಳು ಬೀದಿಗೆ ಇಳಿಯುತ್ತಿತ್ತು. ಅವನು ಕರುಪ್ಪಯ್ಯನ ಕಿವಿಯಲ್ಲಿ, ನಮ್ಮಿಬ್ಬರ ನಡುಗೋಡೆಯ ಸಂಬಂಧ ಸುಮ್ಮನೆ ಒಂದು ಜಗಳ ತೆಗೆಯಣ್ಣ ಎಂದು ಬೇಡಿಕೊಂಡ. ಕರುಪ್ಪಯ್ಯನಿಗೆ ನಿಜವಾಗಿಯೇ ನೋವಾಯಿತು. ಇಷ್ಟು ವರ್ಷ ಅದರ ಬಗ್ಗೆ ಒಂದು ಮಾತೂ ಆಡದೆ ಇದ್ದವನಿಗೆ ಹೀಗೆ ಹೇಳಬಹುದೇ ಎಂದು ಮುಖ ಆಚೆ ತಿರುಗಿಸಿದ. ಬೇಡದಾಗ ಇಡೀ ಬೀದಿಗೆ ಸಾಲುವಷ್ಟು ಜಗಳ ಕಾಯುವ ಮನುಷ್ಯ, ಬೇಕಾದಾಗ ಸಾಧುವಾಗಿಬಿಟ್ಟ.

ಅಷ್ಟರಲ್ಲಿ ಹಿರಿಯರಿಗೆ ಇಟ್ಟಿಗೆ ಊರಿನ ರುಚಿ ಹತ್ತಿತು. ಒಬ್ಬರಿಗೆ ತಮ್ಮ ಕೊಟ್ಟಿಗೆ ಬೇಕು, ಇನ್ನೊಬ್ಬರಿಗೆ ತಮ್ಮ ಬಾಗಿಲು ಮೂಡಲಿಗೆ ತಿರುಗಬೇಕು. ಯಜಮಾನರು ತಮ್ಮ ಮನೆಯನ್ನು ಬಹಳ ಹೊತ್ತು ನೋಡಿ, ಇಷ್ಟು ಗಿಡ್ಡ ಇಲ್ಲವಲ್ಲ ಎಂದರು. ತಿಲಗವತಿ ಪಕ್ಕದಲ್ಲಿದ್ದ ಇಟ್ಟಿಗೆಯನ್ನೆಲ್ಲ ಸುರಿದು ಅದನ್ನು ಎರಡು ವರಸೆ ಏರಿಸಿದಳು. ಅವರು ಮೀಸೆಯಲ್ಲೇ ನಕ್ಕರು.

ಎರಡು ಗಂಟೆ ದಾಟಿತು. ಕಾಲುವೆಯಲ್ಲಿ ತನ್ನ ನೀರು ತನ್ನ ತೋಟದ ಮುಂದೆಯೇ ಸುಮ್ಮನೆ ಹೋಗುತ್ತಿರುವುದು ರಂಗಸಾಮಿಯ ಕಣ್ಣಿಗೆ ಕಟ್ಟಿತು. ಆಗ ಕಂಬದ ಬಳಿಯ ಪೊನ್ನಮ್ಮಾಳ್ ಕಂಡಳು. ಅವಳ ದೂರು ಎರಡು ವರ್ಷದ್ದು: ಕಡೇ ಹೊಲಕ್ಕೆ ನೀರು ತಲುಪುವುದಿಲ್ಲ. ಪ್ರತಿ ಸಲವೂ ಹಿರಿಯರು, ಏಡಿ ಏರಿಯನ್ನು ಕೊರೆದಿರಬೇಕು ಎಂದು ಹೇಳಿ ಐದು ನಿಮಿಷದಲ್ಲಿ ಏಳುತ್ತಿದ್ದರು. ಏಡಿಯ ಹೆಸರನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ರಂಗಸಾಮಿಯೇ. ಐದು ನಿಮಿಷದ ದೂರಿಗಿಂತ ಒಳ್ಳೆಯದು ಇನ್ನೇನು ಬೇಕು?

"ಪೊನ್ನಮ್ಮಾಳಕ್ಕನ ಪಿರಾದು ಐತಲ್ಲ ಮಾಮ. ಪಾಪ, ಎರಡು ವರ್ಸದಿಂದ ಹೇಳ್ತಾ ಅವ್ರೆ. ಅದನ್ನೇ ಕೇಳಾನ."

ಪೊನ್ನಮ್ಮಾಳ್ ಬೆರಗಾಗಿ ಅವನನ್ನು ನೋಡಿದಳು. ತನ್ನ ಪರವಾಗಿ ಒಬ್ಬರು ಬಾಯಿ ಬಿಟ್ಟದ್ದು ಅದೇ ಮೊದಲು. ಕಣ್ಣು ಒದ್ದೆ ಮಾಡಿಕೊಂಡು, ಈ ಉಪಕಾರ ಮರೆಯುವುದಿಲ್ಲ ಎಂದಳು. ರಂಗಸಾಮಿ ಅವಳ ಕಡೆ ನೋಡದೆ, ಜಾರಿದ್ದ ಒಂದು ಇಟ್ಟಿಗೆಯನ್ನು ಸರಿಯಾಗಿ ಕೂರಿಸಿದ.

ಯಜಮಾನರು ಏಡಿ ಎನ್ನಲು ಬಾಯಿ ತೆರೆದವರು, ಕಣ್ಣೆದುರಿಗೇ ಕಾಲುವೆ ಇರುವಾಗ ನೀರು ಬಿಟ್ಟೇ ನೋಡೋಣ ಎಂದರು. ತಿಲಗವತಿ ಕೊಬ್ಬರಿ ಚಿಪ್ಪಿನಿಂದ ನೀರು ಹೊಯ್ದಳು. ನೀರು ಗುಡಿ ದಾಟಿತು, ಕರುಪ್ಪಯ್ಯನ ಹೊಲ ದಾಟಿತು, ರಂಗಸಾಮಿಯ ತೋಟದ ಹತ್ತಿರ ಬಂದು ಮೆಲ್ಲಗೆ ಒಳಗೆ ತಿರುಗಿಬಿಟ್ಟಿತು. ಪೊನ್ನಮ್ಮಾಳ ಹೊಲ ಒಣಗಿಯೇ ಉಳಿಯಿತು. ಅಲ್ಲಿ ಇಟ್ಟಿಗೆ ಸರಿಯಾಗಿ ಕೂಡಿಲ್ಲ ಮಗಳೇ ಎಂದರು ಯಜಮಾನರು.

ಊರು ಕಟ್ಟಿದ ತಿಲಗವತಿಗೆ ಆ ಮಾತು ಸಹಿಸಲಾಗಲಿಲ್ಲ.

"ಇಟ್ಟಿಗೆ ಸೆರಿಯಾಗೇ ಕೂಡಿಸಿವ್ನಿ ತಾತ. ಅದು ಕಿಂಡಿ. ಮದ್ಯಾನ ಎಲ್ರೂ ಉಂಡು ಮಲಗಿರೋವಾಗ ಅಪ್ಪ ಅಲ್ಲಿ ಕಲ್ಲು ತೆಗೀತಾರೆ, ಆಮ್ಯಾಲೆ ಮುಚ್ತಾರೆ. ಬುತ್ತಿ ತಕ್ಕಂಡೋದಾಗ ನೋಡಿವ್ನಿ. ಇಗಳಿ, ಕಲ್ಲೂ ಇಟ್ಟಿವ್ನಿ."

ಅವಳು ಒಂದು ಚಪ್ಪಟೆ ಹರಳನ್ನು ಎತ್ತಿ ತೋರಿಸಿದಳು. ಆಮೇಲೆ, ಸರಿ ಹೇಳಿದೆನೇ ಎನ್ನುವಂತೆ ಅಪ್ಪನ ಮುಖ ನೋಡಿದಳು. ಇರೋದನ್ನ ಬಿಡಬಾರದು ಅಂದವನು ಅವನೇ. ಆ ಮುಖವನ್ನು ಗದರಿಸುವುದು ಅವನಿಂದ ಆಗಲಿಲ್ಲ. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಲಿ ಎನಿಸಿತು. ತಿಣ್ಣೆ ಗಟ್ಟಿಯಾಗಿಯೇ ಇತ್ತು.

ಪೊನ್ನಮ್ಮಾಳ್ ನಿಧಾನವಾಗಿ ಹೇಳಿದಳು.

"ಎರಡು ವರ್ಸ ನಾನು ಏಡಿ ಹಿಡಿದು ಹಿಡಿದು ಸಾಯಿಸ್ದೆ ರಂಗಸಾಮಿ. ಪಾಪ, ಅವು ಏನೂ ಮಾಡಿರ್ಲಿಲ್ಲ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮಾತಿಗೆ ತಲೆ ತಗ್ಗಿತು.

ಯಜಮಾನರ ದನಿ ಏರಿತು. ನೀರು ಕದಿಯುವುದೆಂದರೆ ಒಡಹುಟ್ಟಿದವರ ತಟ್ಟೆಯಿಂದ ಕದ್ದ ಹಾಗೆ ಎಂದು ಬಹಳ ಚೆನ್ನಾಗಿ ಮಾತಾಡಿದರು. ಇವತ್ತಿನದೂ ಸೇರಿ ರಂಗಸಾಮಿಯ ಮೂರು ಸರದಿ ಪೊನ್ನಮ್ಮಾಳಿಗೆ ಎಂದು ತೀರ್ಪಾಯಿತು. ಸುತ್ತ ಕುಳಿತವರೆಲ್ಲ ಒಪ್ಪಿ ತಲೆಯಾಡಿಸಿದರು.

ಆಗ ತಂಗಮ್ಮಾಳ್ ಅಳುಮುಖ ಮಾಡಿಕೊಂಡು ತಾತನ ತೋಳು ಜಗ್ಗಿದಳು.

"ತಾತ, ಇವ್ಳು ನಮ್ಮ ಕಿಂಡಿ ಇಟ್ಟೇ ಇಲ್ಲ. ನಮ್ದು ಇದಕ್ಕಿಂತ ದೊಡ್ಡದು."

"ನಿಮ್ದು ಮೇಲ್ಗಡೆ ಬತ್ತದೆ ಕಣೆ," ಎಂದು ತಿಲಗವತಿ ಸಮಾಧಾನ ಹೇಳಿದಳು. "ಅಲ್ಲೀಗಂಟ ಕಾಲುವೆ ಕಟ್ಟೋಕೆ ಇಟ್ಟಿಗೆ ಸಾಲ್ಲಿಲ್ಲ. ನಿಮ್ಮ ಮನೆ ಏರಿಸೋಕೆ ಆಗೋಯ್ತು. ತಾಳು, ಕಿತ್ತು ಕಟ್ತೀನಿ. ಆಮ್ಯಾಲೆ ಕರುಪ್ಪಯ್ಯ ಮಾಮಂದೂ ಐತೆ."

ಅರವತ್ತು ದಾಟಿದ ಲಕ್ಷ್ಮಣನ್ ಅವರು ಅಷ್ಟು ಚುರುಕಾಗಿ ಎದ್ದದ್ದನ್ನು ಊರು ನೋಡಿರಲಿಲ್ಲ. ಕಂಬಳಿಯ ಈ ತುದಿ ಅವರು ಹಿಡಿದರು, ಆ ತುದಿ ಕರುಪ್ಪಯ್ಯ ಹಿಡಿದ. ಮನೆ, ಗುಡಿ, ಕಾಲುವೆ ಎಲ್ಲ ಗಡಗಡನೆ ಒಳಗೆ ಉರುಳಿ ಇಡೀ ಊರು ಒಂದು ಗಂಟಾಯಿತು. ಮಾಮ, ಹಾಗಾದರೆ ನನ್ನ ಮೂರು ಸರದಿ ಎಂದು ರಂಗಸಾಮಿ ಎದ್ದು ನಿಂತ. ಮಡಿಚಾಯ್ತಲ್ಲ ಎಂದರು ಯಜಮಾನರು, ತಿರುಗಿ ನೋಡದೆ. ಹತ್ತು ಜನ ಹಿರಿಯರೂ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಅವರ ಹಿಂದೆಯೇ ನಡೆದರು. ಗಡಿಬಿಡಿಯಲ್ಲಿ ಪಕ್ಕಕ್ಕೆ ಎತ್ತಿಟ್ಟಿದ್ದ ಚೊಂಬಿಗೆ ಯಾರದೋ ಕಾಲು ತಗುಲಿ ಅದು ಉರುಳಿ, ಕೆಸರು ನೀರು ಸಾರಿಸಿದ ತಿಣ್ಣೆಯ ತುಂಬ ಹರಡಿತು.

ನೀರು ತಿರುಗಿಸಿಕೊಳ್ಳಲು, ಗೋಡೆಗೆ ಒರಗಿಸಿದ್ದ ರಂಗಸಾಮಿಯ ಗುದ್ದಲಿಯನ್ನೇ ಪೊನ್ನಮ್ಮಾಳ್ ಹೆಗಲಿಗೆ ಹಾಕಿಕೊಂಡಳು. ಹೋಗುವ ಮೊದಲು ಬಗ್ಗಿ, ಕೆಸರಿನಲ್ಲಿ ಬಿದ್ದಿದ್ದ ಒಂದು ಇಟ್ಟಿಗೆಯನ್ನು ಸೆರಗಿನಲ್ಲಿ ಒರೆಸಿ ತಿಲಗವತಿಯ ಕೈಗಿಟ್ಟಳು.

"ನಾಳೆ ಇಬ್ರೂ ನಮ್ಮನೆ ತಿಣ್ಣೆಗೆ ಬನ್ನಿ ಕಂದಾ, ಬಿಟ್ಟೋಗಿರೋದನ್ನೆಲ್ಲ ಕಟ್ಟಾನ. ನಮ್ಮನೇಲೂ ಕಂಬಳಿ ಐತೆ."

ಬೀದಿಯ ತಿರುವಿನಲ್ಲಿ ಯಜಮಾನರ ನಡಿಗೆ ಒಂದು ಗಳಿಗೆ ನಿಂತು ಮತ್ತೆ ಮುಂದುವರಿಯಿತು.

ತಾನು ಸರಿಯಾಗಿ ಕಟ್ಟಿದೆನೇ ಎಂದು ತಿಲಗವತಿ ಕೇಳಿದಳು. ಸರಿಯಾಗಿಯೇ ಕಟ್ಟಿದೆ ತಾಯಿ ಎಂದ ರಂಗಸಾಮಿ. ಅದು ಅವನು ಆ ದಿನ ಆಡಿದ ಮಾತುಗಳಲ್ಲೆಲ್ಲ ನಿಜವಾದದ್ದು. ಆಮೇಲೆ ಅವನು ಸಗಣಿ ಬುಟ್ಟಿ ಹುಡುಕಿಕೊಂಡು ಕೊಟ್ಟಿಗೆಯ ಕಡೆ ಹೆಜ್ಜೆ ಹಾಕಿದ. ಅಷ್ಟರಲ್ಲಿ ಚಿನ್ನಮನೂರು ಬಸ್ಸಿನ ಹಾರನ್ ಕೇಳಿಸಿತು.