ಪರದೆಯ ಹಿಂದಿನ ದನಿ

ನಮ್ಮ ಸೋದರಮಾವನವರಿಗೆ ಹುಲಿ ಕಂಡರೆ ಭಯವಿರಲಿಲ್ಲ. ಗಿರಾಕಿ ಕಂಡರೆ ಮಾತ್ರ ಕೈಕಾಲು ನಡುಗುತ್ತಿತ್ತು! ಹುಲಿ ಎಂದೂ ಅವರ ಅಂಗಡಿಗೆ ಬಂದಿರಲಿಲ್ಲ ಎಂಬುದು ಬೇರೆ ಮಾತು.

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಅವರದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ಯುದ್ಧ ಶುರುವಾಗಿ ಜರ್ಮನಿಯ ಬಣ್ಣ ನಿಂತಿತು. ಆಮೇಲೆ ಸಿಕ್ಕ ಬಣ್ಣಗಳಿಗೆ ಬಟ್ಟೆಗಿಂತ ನೀರಿನ ಮೇಲೇ ಪ್ರೀತಿ ಹೆಚ್ಚು! ಒಂದು ಮದುವೆಯಲ್ಲಿ ಹೆಣ್ಣಿನ ಸೀರೆಯ ಕೆಂಪೆಲ್ಲ ಗಂಡಿನ ಬಿಳಿ ಪಂಚೆಗೆ ಇಳಿಯಿತು. "ಬಣ್ಣ ಹೋಗಲ್ಲ ಅಂತ ನೀವೇ ಮಾತು ಕೊಟ್ಟಿದ್ರಿ" ಎಂದು ಹೆಣ್ಣಿನ ಕಡೆಯವರು ಮಾವನನ್ನು ಕೋರ್ಟಿಗೆ ಎಳೆದರು. ಅಂಗಡಿ ಉಳಿದದ್ದೇ ಪುಣ್ಯ. "ಇನ್ನೊಂದ್ಸಲ ಹೀಗಾದ್ರೆ ಬಾಗಿಲು ಮುಚ್ಚೋದೇ. ಯಾರಿಗೂ ಬಾಯಿಮಾತು ಕೊಡ್ಬೇಡಿ" ಎಂದರು ವಕೀಲರು.

ಅಷ್ಟೇ! ಮಳೆ ಬರುತ್ತಾ ಎಂದು ಕೇಳಿದರೂ ಮಾವ, "ಬಂದ್ರೂ ಬರಬಹುದು. ನಾನು ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ!" ಎನ್ನತೊಡಗಿದರು. ಮದುಮಗಳಿಗೆ 'ಒಳ್ಳೆಯದಾಗಲಿ' ಎನ್ನಲೂ ಹೆದರಿಕೆ. ಆಗದಿದ್ದರೆ?

ಗಿರಾಕಿ ಬಂದರೆ ಪಕ್ಕದ ವೀಳ್ಯದೆಲೆ ಅಂಗಡಿಯವನನ್ನು ಸಾಕ್ಷಿಗೆ ಕರೆದು ಶರತ್ತು ಒಪ್ಪಿಸುವರು: "ಬಿಸಿಲಿಗೆ ಬಣ್ಣ ಹೋದ್ರೆ ಸೂರ್ಯನ್ನ ಕೇಳಿ. ನೀರಿಗೆ ಹೋದ್ರೆ ಕೆರೇನ ಕೇಳಿ. ಬೆವರಿಗೆ ಹೋದ್ರೆ ಬೆವರಿದೋರ್ನ ಕೇಳಿ. ನನ್ನ ಮಾತ್ರ ಕೇಳ್ಬೇಡಿ!"

"ಸ್ವಾಮಿ, ನಿಮ್ಗೆ ಸಾಕ್ಷಿ ನಿಂತೂ ನಿಂತೂ ನನ್ ಎಲೆಯೆಲ್ಲಾ ಬಾಡೋಯ್ತು" ಎಂದು ಅವನು ಗೊಣಗಿದ.

"ನನ್ನಿಂದ ಬಾಡ್ತು ಅಂತೀಯಾ? ಬಿಸಿಲಿಗೆ ಬಾಡ್ತು ಅನ್ನು!"

ನನಗೋ ಕಂಡವರ ದನಿಯನ್ನೆಲ್ಲ ಅಣಕಿಸುವ ಚಾಳಿ. ಬುದ್ಧಿಯೇ ಸ್ವಂತದ್ದಿಲ್ಲದವನಿಗೆ ದನಿ ಸ್ವಂತದ್ದೇಕೆ? ಮಾವ ಹಿತ್ತಲಿನಲ್ಲಿದ್ದಾಗ ಬೂದಿಗೆರೆಯ ಗೌಡರೊಬ್ಬರು ಪೇಟಕ್ಕೆ ಬಣ್ಣ ಹಾಕಿಸಲು ಬಂದರು. ನಾನು ಒಳಕೋಣೆಯ ಪರದೆಯ ಹಿಂದೆ ನಿಂತು ಮಾವನ ಗೊಗ್ಗರು ದನಿಯಲ್ಲಿ, "ಬಣ್ಣ ಬಿಟ್ರೆ ಹೊಸ ಪೇಟ ನಾನ್ ಕೊಡ್ತೀನಿ ಗೌಡ್ರೇ!" ಎಂದುಬಿಟ್ಟೆ. ಮೊದಲ ಮಳೆಗೇ ಗೌಡರು ಹಣೆ, ಮೂಗು, ಮೀಸೆಯೆಲ್ಲ ಹಸಿರಾಗಿ ಬಂದು ನಿಂತರು. ಪಂಚೆ ಉಟ್ಟ ಗಿಳಿ!

ಮಾವ ಹೊಸ ಪೇಟ ತೆತ್ತು ವಕೀಲರ ಮನೆಗೆ ಓಡಿದರು. ಮುಂದಿನ ಸಂತೆಯಲ್ಲಿ ತಮಟೆ ಬಡಿಸಿ ಸಾರಿಸಿದರು: "ಕೇಳ್ರಪ್ಪೋ! ಬಣ್ಣದಂಗಡಿ ಪರದೆ ಹಿಂದಿಂದ ಬರೋ ಮಾತು ಯಜಮಾನ್ರದ್ದಲ್ಲ, ಅವ್ರ ಅಳಿಯಂದು! ಅದಕ್ಕೆ ಅಂಗಡಿ ಹೊಣೆಯಲ್ಲಾ!" ಆ ತಾಲ್ಲೂಕಿನಲ್ಲಿ ನನ್ನಷ್ಟು ಹೆಸರುವಾಸಿಯಾದ ಕತ್ತೆ ಇನ್ನೊಂದಿರಲಿಲ್ಲ.

ಹೀಗಿರುವಾಗ ಹತ್ತಿರದ ಮಧುರೆ ಹಳ್ಳಿಯಿಂದ ಒಬ್ಬಾಕೆ ಬಂದಳು. ಯುದ್ಧದಿಂದಾಗಿ ಬಟ್ಟೆಗೂ ಕಂಟ್ರೋಲಿನ ಕಾಲ, ಹೊಸ ಸೀರೆ ಎಲ್ಲಿ ಸಿಗಬೇಕು? ತನ್ನ ಧಾರೆ ಸೀರೆಗೇ ಮತ್ತೆ ಬಣ್ಣ ಹಾಕಿಸಿ ಮಗಳಿಗೆ ಮದುವೆಯಲ್ಲಿ ಉಡಿಸಬೇಕಂತೆ. ಮಾವ ಸೂರ್ಯ, ಕೆರೆ, ಬೆವರು ಎಲ್ಲ ಒಪ್ಪಿಸಿದರು. ಆಕೆ ಸೀರೆಯನ್ನು ಎದೆಗೆ ಅವಚಿಕೊಂಡಳು.

"ಇರೋದು ಇದೊಂದೇ ಕಣಣ್ಣ. ಇದೂ ಕೆಟ್ಟೋದ್ರೆ ಮಗೀಗೆ ಏನ್ ಉಡ್ಸ್ಲಿ? ಬ್ಯಾಡ ಬುಡು" ಎಂದು ಮೆಟ್ಟಿಲಿಳಿದಳು.

ಮಾವ ತಡೆಯಲಿಲ್ಲ. "ಬಣ್ಣದ ಹಂಡೆ ಉಕ್ತಾ ಇದೆ" ಎಂದು ಗೊಣಗುತ್ತ ಒಳಕೋಣೆಗೆ ಹೋದರು. ಮರುಕ್ಷಣವೇ ಪರದೆಯ ಹಿಂದಿನಿಂದ ದನಿ:

"ನಿಲ್ಲವ್ವಾ! ಬಣ್ಣ ಬಿಟ್ರೆ ಹೊಸ ಸೀರೆ ನಾನ್ ಕೊಡ್ತೀನಿ. ಮಗೀಗೆ ಒಳ್ಳೇದಾಗುತ್ತೆ!"

ಎಲೆ ಅಂಗಡಿಯವನು ಪರದೆಯನ್ನು ನೋಡಿದ, ನನ್ನನ್ನು ನೋಡಿದ. ನಾನು ಅವನ ಪಕ್ಕದಲ್ಲೇ, ಬಾಯಿ ತುಂಬ ಕಡಲೆಪುರಿ ತುಂಬಿಕೊಂಡು ನಿಂತಿದ್ದೆ.

ಮಾವ ಹೊರಬಂದವರೇ ನನ್ನ ಕಿವಿ ಹಿಡಿದರು. "ನನ್ ದನೀಲಿ ಮಾತು ಕೊಟ್ಬಿಟ್ಯಲ್ಲೋ ಕಳ್ಳ! ಇನ್ನು ಉಳಿಸ್ಕೋಬೇಕಲ್ಲಪ್ಪಾ! ಕೊಡವ್ವ ನಿನ್ ಸೀರೆ."

ಮಾತಾಡಲು ಬಾಯಿ ಖಾಲಿಯಿರಲಿಲ್ಲ. ಹೌದು, ನಾನೇ ಎಂದು ತಲೆಯಾಡಿಸಿದೆ. ಕಿವಿ ಹಿಡಿದ ಆ ಕೈ ಮಾತ್ರ ಹಿಂಡಲೇ ಇಲ್ಲ.