ಕುದುರೆಮುಖದಲ್ಲಿ ಬೀಗರೂಟ

ಎಲ್ಲಿ ಏನು ನೋಡಬೇಕು, ಎಲ್ಲಿ ಏನು ತಿನ್ನಬೇಕು ಎಂಬ ವಿಷಯದಲ್ಲಿ ಇಡೀ ಅರಕಲಗೂಡು ತಾಲ್ಲೂಕಿಗೆ ನಾನೇ ಅಧಿಕಾರಿ. ಈ ಅಧಿಕಾರವನ್ನು ಯಾರೂ ನನಗೆ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು. ನನ್ನದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಶುಂಠಿ ಬೆಳೆಯುವವರು, ಹೊಗೆಸೊಪ್ಪು ಬೆಳೆಯುವವರು ಸುಟ್ಟ ಮೋಟಾರ್ ಹೊತ್ತು ತಂದು ಕೂತರೆ, ಅದನ್ನು ಬಿಚ್ಚುವ ಮೊದಲು ಒಂದು ಪ್ರವಾಸದ ಸಲಹೆ ಉಚಿತವಾಗಿ ಕೊಡುತ್ತೇನೆ. ಗೋಡೆಯ ಮೇಲೆ ಅದಕ್ಕೆ ಸಾಕ್ಷಿಯಾಗಿ ಒಂದು ಫೋಟೋ ಇದೆ. ಮದುವೆಗೆ ಮುಂಚೆ ನಾನೂ ನನ್ನ ಗೆಳೆಯರೂ ಕುದುರೆಮುಖದ ಕಾಡಿನ ಹಳ್ಳದಲ್ಲಿ, ಬಂಡೆಯ ಮೇಲೆ ಒಲೆ ಹೂಡಿ ಕೋಳಿ ಸಾರು ಕಾಯಿಸುತ್ತಿರುವ ಫೋಟೋ.

"ಆ ಕಾಡಲ್ಲಿ ಒಂದೊಂದು ಕಲ್ಲೂ ನನಗೆ ಗೊತ್ತು!" ಎನ್ನುತ್ತಿದ್ದೆ. ಕಲ್ಲು ಪರೀಕ್ಷೆ ಮಾಡಲು ಯಾರೂ ಹೋಗದಿದ್ದುದರಿಂದ ನನ್ನ ಮರ್ಯಾದೆ ಸುಖವಾಗಿತ್ತು.

ಹೀಗಿರಲಾಗಿ ಮಗಳು ಕಾವ್ಯಳ ಮದುವೆಯಾಯಿತು. ಬೀಗರು ಹಿರೀಸಾವೆಯ ತಿಮ್ಮೇಗೌಡರು. ಹೈವೇ ಪಕ್ಕದಲ್ಲಿ ಅವರದು ಮಟನ್ ಹೋಟೆಲ್. ಪಾತ್ರೆಯ ಮುಚ್ಚಳ ತೆಗೆಯುವುದೇ ಬೇಡ, ಹತ್ತಿರ ನಿಂತರೆ ಸಾಕು, ಸಾರಿಗೆ ಯಾವುದು ಕಮ್ಮಿ ಯಾವುದು ಜಾಸ್ತಿ ಎಂದು ಹೇಳಿಬಿಡುವ ಮೂಗು ಅವರದು. ಮದುವೆಯ ಮಾರನೇ ವಾರ ಅಂಥ ಮೂಗಿಗೆ ನಾನು ಬೀಗರೂಟ ಹಾಕಬೇಕು!

ನಮ್ಮ ಕಡೆ ಮದುವೆ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ, ಬೀಗರೂಟ ಹೇಗಿತ್ತು ಎಂದು ಕೇಳುತ್ತಾರೆ. ಬರೀ ಮೂಳೆ ಬಿತ್ತು ಎಂದೋ, ಎರಡನೇ ಪಂಕ್ತಿಗೆ ಸಾರು ನೀರಾಯಿತು ಎಂದೋ ಒಂದು ಮಾತು ಹುಟ್ಟಿದರೆ ಅದಕ್ಕೆ ಸಾವಿಲ್ಲ. ಆ ಮಾತನ್ನು ದಿನಾ ಕೇಳಿಸಿಕೊಳ್ಳಬೇಕಾದವಳು ಆ ಮನೆ ಸೇರಿದ ಮಗಳು. ಕಾವ್ಯ ಫೋನ್ ಮಾಡಿ ಗುಟ್ಟಾಗಿ ಹೇಳಿದಳು:

"ಅಪ್ಪ, ಇಲ್ಲಿ ಅಜ್ಜಿ, ಅದೇ ಮಾವನ ತಾಯಿ, ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ನಾನು ಮಾಡಿದ ಮುದ್ದೇಲಿ ಗಂಟಿತ್ತಂತೆ. ಬೀಗರೂಟದಲ್ಲಾದ್ರೂ ಏನೂ ಎಡವಟ್ಟಾಗದಂಗೆ ನೋಡ್ಕೊಳ್ಳಪ್ಪ."

"ನಾನಿರೋವಾಗ ಎಡವಟ್ಟಾ?" ಎಂದೆ. ಅವಳ ಭಯವೂ ಅದೇ ಆಗಿತ್ತೆಂದು ಆಗ ಹೊಳೆಯಲಿಲ್ಲ.

ದಿನವಿಡೀ ಮಟನ್ ನೋಡುವವರಿಗೆ ಶಾಮಿಯಾನದ ಕೆಳಗೆ ಅದೇ ಮಟನ್ ಬಡಿಸಿದರೆ ಏನು ವಿಶೇಷ? ಆಲೋಚಿಸಿದೆ. ಫೋಟೋ ನೋಡಿದೆ. ಮತ್ತೆ ಆಲೋಚಿಸಿದೆ. ಬೀಗರೂಟ ಕುದುರೆಮುಖದಲ್ಲಿ! ಬೆಟ್ಟ ನೋಡುವುದು, ಹಳ್ಳದ ಬಂಡೆಯ ಮೇಲೆ ಬಾಳೆಎಲೆ ಹಾಸಿ ಉಣ್ಣುವುದು. ಹೆಂಡತಿ ಸುಮಿತ್ರಾಳ ಮುಂದೆ ಘೋಷಿಸಿದೆ.

"ರೀ, ಬೀಗರೂಟ ಅಂದ್ರೆ ಊರೆಲ್ಲ ಕೂತು ಉಣ್ಣೋದು. ಅದನ್ನ ಕಾಡಿಗೆ ಹೊತ್ಕೊಂಡು ಹೋಗ್ತೀರಾ?"

"ಮುಖ್ಯವಾದ ಬೀಗರು ಮಾತ್ರ. ಒಂದು ಟೆಂಪೋ ಟ್ರಾವೆಲರ್ ಗಾಡಿ ಸಾಕು."

"ಅಲ್ಲಿ ಅಡುಗೆ ಮಾಡೋಕೆ ಬಿಡ್ತಾರಾ? ಯಾರನ್ನಾದ್ರೂ ಕೇಳಿದ್ರಾ?"

"ನನ್ನನ್ನೇ ಊರೆಲ್ಲ ಕೇಳುತ್ತೆ. ನಾನು ಯಾರನ್ನು ಕೇಳಲಿ?" ಎಂದೆ.

ಸುಮಿತ್ರಾ ಎದ್ದು ಅಟ್ಟದಿಂದ ಪಾತ್ರೆ ಇಳಿಸಿದಳು. ಹೊರಡುವ ದಿನ ಕೋಳಿ ಕೂಗುವ ಮೊದಲೇ ಎದ್ದು ಮಟನ್ ಸಾರು ಮಾಡಿ ದೊಡ್ಡ ಪಾತ್ರೆಗೆ ತುಂಬಿದಳು. ಅಜ್ಜಿಗೆ ಬಿಸಿ ಮುದ್ದೆಯೇ ಆಗಬೇಕೆಂದು ಗ್ಯಾಸ್ ಒಲೆ, ರಾಗಿ ಹಿಟ್ಟು, ಮುದ್ದೆ ಕೋಲು ಎಲ್ಲವೂ ಗಾಡಿ ಹತ್ತಿದವು. ಹಾಸನದಲ್ಲಿ ಅಳಿಯನೂ ಕಾವ್ಯಳೂ ಸೇರಿದಂತೆ ಬೀಗರ ತಂಡ ಹತ್ತಿತು. ಅಜ್ಜಿ ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕೂತರು. ಕಾವ್ಯ ಎಲ್ಲರಿಗಿಂತ ಹಿಂದೆ, ಮಟನ್ ಪಾತ್ರೆ ಹಿಡಿದುಕೊಂಡು ಕೂತಳು. ಅದು ನನ್ನ ಕಣ್ಣಿಗೆ ಚುಚ್ಚಿತು. ಸಂಜೆ ಹೊತ್ತಿಗೆ ಈ ಸೀಟುಗಳು ಬದಲಾಗಬೇಕು ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಮೊದಲ ಮೆಟ್ಟಿಲಲ್ಲೇ ಜಾರಿದೆ. ಕೊಟ್ಟಿಗೆಹಾರದಲ್ಲಿ ಎಲ್ಲರಿಗೂ ನೀರುದೋಸೆ ಕೊಡಿಸಿ, "ತಿಂದರೆ ಇಲ್ಲೇ ತಿನ್ನಬೇಕು!" ಎಂದೆ. ದೋಸೆ ಹತ್ತಿಯಂತೆ ಮೃದುವಾಗಿಯೇ ಇತ್ತು. ತಿಮ್ಮೇಗೌಡರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಚೆನ್ನಾಗದೆ ಬೀಗ್ರೆ. ಕೈ ಒರೆಸ್ಕಳಕಾ, ತಿನ್ನಕಾ?"

ಅಜ್ಜಿ ನಾಲ್ಕು ತಿಂದು, "ಇದು ಒಟ್ಟೆ ಒಳೀಕೆ ಓದಂಗೇ ಇಲ್ಲ ಕಣಪ್ಪ," ಎಂದರು. "ಮಧ್ಯಾಹ್ನ ಇದೆಯಲ್ಲ ಅಜ್ಜಿ!" ಎಂದು ಧೈರ್ಯ ತುಂಬಿದೆ.

ಕಳಸ ದಾಟಿ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿಗೆ ಬಂದೆವು. ಗಾರ್ಡ್ ಗಾಡಿಯೊಳಗೆ ಇಣುಕಿದ. ಒಲೆ ನೋಡಿದ. ಸಿಲಿಂಡರ್ ನೋಡಿದ. ಮುದ್ದೆ ಕೋಲನ್ನು ಆಯುಧವೆಂದುಕೊಂಡನೋ ಏನೋ, ಎರಡು ಸಲ ನೋಡಿದ.

"ಸಾರ್, ಒಲೆ ಸಿಲಿಂಡರ್ ಇಲ್ಲೇ ಇಳಿಸಿ, ವಾಪಸ್ ಬರುವಾಗ ತಗೊಳ್ಳಿ. ಒಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ. ಇಳಿಯುವ ಹಾಗಿಲ್ಲ. ಊಟ ತಿಂಡಿ ಯಾವುದೂ ಇಲ್ಲ."

ಬೀಗರೆಲ್ಲ ನನ್ನತ್ತ ತಿರುಗಿದರು. ನಾನು ನಕ್ಕೆ. ಇಂಥ ಸಂದರ್ಭಕ್ಕೆಂದೇ ಆ ಫೋಟೋವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. "ನೋಡಿ ಸಾರ್, ನಾವು ಇಲ್ಲಿಗೆ ಹೊಸಬರಲ್ಲ. ಇದು ನಾನೇ. ಇದೇ ಹಳ್ಳ."

ಅವನು ಫೋಟೋವನ್ನು ಬಹಳ ಹೊತ್ತು ನೋಡಿದ.

"ಕಾಡೊಳಗೆ ಬೆಂಕಿ ಹಾಕಿದ್ದೀರಿ. ಕೋಳಿ ಬೇಯಿಸಿದ್ದೀರಿ. ಫೋಟೋ ಬೇರೆ ತೆಗೆಸಿದ್ದೀರಿ. ಇದನ್ನು ಇನ್ನು ಯಾರಿಗೂ ತೋರಿಸಬೇಡಿ ಸಾರ್," ಎಂದ.

ಅಷ್ಟು ವರ್ಷ ಗೋಡೆಯ ಮೇಲೆ ಮೆರೆದ ಸಾಕ್ಷಿ ನನ್ನ ಮೇಲೇ ಸಾಕ್ಷಿ ಹೇಳಿತು! ಒಲೆ ಇಳಿಸಿ ಒಳಗೆ ಹೋದೆವು.

ಒಳಗೆ ಮಂಜು. ಎಡಕ್ಕೆ ಮಂಜು, ಬಲಕ್ಕೆ ಮಂಜು, ಎದುರಿಗೆ ರಸ್ತೆಯೂ ಇದ್ದಂತಿರಲಿಲ್ಲ. ನನಗೆ ಗೊತ್ತಿದ್ದ ಒಂದೊಂದು ಕಲ್ಲೂ ಅದರೊಳಗೆ ಮುಳುಗಿತ್ತು. ಆದರೂ ಕರ್ತವ್ಯ ಬಿಡಲಾದೀತೇ? "ಅಲ್ಲಿ ನೋಡಿ, ಎಂಥ ಕಣಿವೆ! ಇಲ್ಲಿ ನೋಡಿ, ಶಿಖರ!" ಎಂದು ಬಿಳಿಯ ಗೋಡೆಯತ್ತ ಬೆರಳು ತೋರಿಸುತ್ತಾ ಹೋದೆ. ಬೀಗರು ಪಾಪ, ಬೆರಳನ್ನೇ ನೋಡಿದರು.

"ಬೀಗ್ರೆ, ಈ ಮಂಜು ನಮ್ಮ ಹೈವೇಲಿ ಚಳಿಗಾಲದಲ್ಲಿ ಮನೆ ಮುಂದ್ಕೇ ಬತ್ತದೆ," ಎಂದರು ತಿಮ್ಮೇಗೌಡರು.

ಕಾಣುವುದು ಏನೂ ಇರಲಿಲ್ಲ, ಆದರೆ ವಾಸನೆ ಇತ್ತು. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಸುಮಿತ್ರಾಳ ಮಟನ್ ಸಾರು ಗಾಡಿಯ ತುಂಬ ಓಡಾಡತೊಡಗಿತು. ತಿನ್ನುವ ಹಾಗಿಲ್ಲ, ಇಳಿಯುವ ಹಾಗಿಲ್ಲ, ಮೂಗು ಮುಚ್ಚಿಕೊಳ್ಳಲು ಮನಸ್ಸಿಲ್ಲ. ಯಾರೋ ಎಂಜಲು ನುಂಗಿದ ಸದ್ದು ಮುಂದಿನ ಸೀಟಿನವರೆಗೂ ಕೇಳಿಸಿತು. ಡ್ರೈವರ್ ಮಂಜ, "ಸಾ, ಈ ವಾಸ್ನೇಲಿ ಗೇರು ಹಾಕಕಾಗ್ತಿಲ್ಲ," ಎಂದ.

ಸುತ್ತಿ ಬಂದು, ಒಲೆ ವಾಪಸು ಪಡೆದು, ಕಳಸದ ದಾರಿಯಲ್ಲಿ ಒಂದು ಟೀ ಅಂಗಡಿಯವರನ್ನು ಬೇಡಿಕೊಂಡೆ. ಹಿತ್ತಲಲ್ಲಿ ಜಾಗ ಕೊಟ್ಟರು. ಎಲೆ ಹಾಸಿದೆವು. ಎಸರು ಕುದಿಯತೊಡಗಿತು. ಅಜ್ಜಿ ಮೊದಲ ಎಲೆಯ ಮುಂದೆ ಕೂತು ಸೆರಗು ಸರಿಮಾಡಿಕೊಂಡರು. ಸುಮಿತ್ರಾ ಹಿಟ್ಟು ಹಾಕಲು ಕೈ ಎತ್ತಿದಳು. ಇನ್ನೇನು, ಗೆದ್ದೆ!

ಆ ಹೊತ್ತಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ಬೆಟ್ಟ ತೋರಿಸಲಾಗಲಿಲ್ಲವಲ್ಲ ಎಂಬ ಸಂಕಟ. ಏನಾದರೊಂದು ತೋರಿಸಲೇಬೇಕು ಎಂದು, "ಅಜ್ಜಿ, ಈ ಜಾಗ ಸಾಮಾನ್ಯವಲ್ಲ. ಇಲ್ಲಿಂದ ಒಂಚೂರು ದೂರದಲ್ಲೇ ಹೊರನಾಡು. ಸಾಕ್ಷಾತ್ ಅನ್ನಪೂರ್ಣೇಶ್ವರಿ!" ಎಂದೆ.

ಅಜ್ಜಿ ಎದ್ದು ನಿಂತರು.

"ತಾಯಿ ಇಷ್ಟು ಅತ್ರ ಅವ್ಳಾ? ನಾನು ಸಾಯಾದ್ರೊಳಗೆ ಒಂದ್ ಕಿತ ನೋಡ್ಬೇಕು ಅಂತ ಎಷ್ಟೊರ್ಸದಿಂದ ಬಡ್ಕತಾವ್ನಿ! ಮಾಂಸ ತಿಂದು ಗುಡಿಗೋಗದುಂಟಾ? ಏಳ್ರಲಾ ಎಲ್ಲ! ಮೊದ್ಲು ತಾಯಿ, ಆಮ್ಯಾಕೆ ಊಟ."

ಸುಮಿತ್ರಾ ಹಿಟ್ಟನ್ನು ಚೀಲಕ್ಕೆ ವಾಪಸು ಸುರಿದು ನನ್ನತ್ತ ನೋಡಿದಳು. ಆ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಎಸರು ಚೆಲ್ಲಿ, ಎಲೆ ಸುತ್ತಿ, ಎಲ್ಲರೂ ಮತ್ತೆ ಗಾಡಿ ಹತ್ತಿದೆವು.

ಹೊರನಾಡು ಸೇರುವ ಮೊದಲೇ ಮಂಜ ಗಾಡಿ ನಿಲ್ಲಿಸಿದ. "ಮಟನ್ ಇಟ್ಕಂಡು ಗುಡಿ ಬಾಗ್ಲಿಗೆ ನಾನು ಬರಾಕಿಲ್ಲ ಸಾ. ನೀವು ನಡ್ಕಂಡೋಗ್ಬನ್ನಿ. ನಾನಿಲ್ಲೇ ಇರ್ತೀನಿ."

"ಪಾತ್ರೆ ಹುಷಾರು ಕಣಯ್ಯ," ಎಂದೆ.

ದರ್ಶನ ಚೆನ್ನಾಗಿಯೇ ಆಯಿತು. ಅಜ್ಜಿ ಕಣ್ಣೊರೆಸಿಕೊಂಡರು. ಹೊರಡೋಣ ಎನ್ನುವಷ್ಟರಲ್ಲಿ ಯಾರೋ, "ಊಟ ಮಾಡಿಕೊಂಡೇ ಹೋಗಿ," ಎಂದರು. "ಪ್ರಸಾದ ಬಿಟ್ಟು ಬರಾಕಾದದಾ?" ಎಂದರು ಅಜ್ಜಿ. ಒಂದು ತುತ್ತು ಪ್ರಸಾದವೆಂದು ಕೂತವರು ಅನ್ನ, ಸಾರು, ಪಾಯಸ ಎಂದು ಉಣ್ಣತೊಡಗಿದರು. ಹಸಿವಿಗೆ ಮಟನ್ ವಾಸನೆಯ ಉಪಕಾರ ಬೇರೆ! ತಿಮ್ಮೇಗೌಡರು ಸಾರು ಮೂರು ಸಲ ಹಾಕಿಸಿಕೊಂಡು, "ಬೀಗ್ರೆ, ಕೈ ಅಂದ್ರೆ ಇದು," ಎಂದರು.

ಬೀಗರೂಟದಲ್ಲಿ ಹೆಣ್ಣಿನ ತಂದೆ ಪಂಕ್ತಿಯಲ್ಲಿ ಓಡಾಡುತ್ತಾ ಉಪಚಾರ ಹೇಳಬೇಕು. ನಾನೂ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಆದರೂ ಅಭ್ಯಾಸಬಲ, "ಸಂಕೋಚ ಬೇಡ ಬೀಗ್ರೆ, ಇನ್ನೊಂಚೂರು ಹಾಕಿಸ್ಕೊಳ್ಳಿ!" ಎಂದುಬಿಟ್ಟೆ. ಬಡಿಸುತ್ತಿದ್ದವರು, ಇವರು ಯಾರಪ್ಪ ಎಂಬಂತೆ ನನ್ನನ್ನು ನೋಡಿದರು.

ಗಾಡಿಯ ಕಡೆ ನಡೆಯುತ್ತಾ ಕೊನೆಯ ಆಸೆಯಿಂದ ಹೇಳಿದೆ: "ಒಂದು ಗಂಟೆ ಬಿಟ್ಟು ನಮ್ಮ ಊಟ."

"ತಾಯಿ ಪ್ರಸಾದ ಉಂಡ ಬಾಯ್ಗೆ ಮಾಂಸವಾ? ಇವತ್ತು ಆಗಾಕಿಲ್ಲ ಕಣಪ್ಪ," ಎಂದರು ಅಜ್ಜಿ. ಎಲ್ಲರೂ ತಲೆಯಾಡಿಸಿದರು. ಬೀಗರೂಟ ಹಾಕದ ಅಪ್ಪನ ಮಗಳು! ಕಾವ್ಯಳ ಮುಖ ನೋಡಲಾಗಲಿಲ್ಲ.

ಗಾಡಿಯ ಮೆಟ್ಟಿಲ ಮೇಲೆ ಮಂಜ ಬಾಳೆಎಲೆ ಹಾಸಿಕೊಂಡು ಕೂತಿದ್ದ. ಎಲೆಯ ಪಕ್ಕದಲ್ಲಿ ಮೂಳೆಗಳ ಸಣ್ಣದೊಂದು ಗುಡ್ಡ. ಅವತ್ತು ನಾವು ಸ್ಪಷ್ಟವಾಗಿ ಕಂಡ ಬೆಟ್ಟ ಅದೊಂದೇ.

"ನೀವು ಗುಡಿಗೋದ್ರಿ, ಇನ್ನು ತಿನ್ನಾಕಿಲ್ಲ ಅಂತ ಗೊತ್ತಾಯ್ತು ಸಾ. ಕೆಡಿಸ್ಬಾರ್ದಲ್ಲ," ಎಂದು ಬೆರಳು ಚೀಪಿದ. "ಉಪ್ಪು ಒಂಚೂರು ಜಾಸ್ತಿ ಆಗದೆ."

ಎಲ್ಲರೂ ಆ ಗುಡ್ಡವನ್ನೇ ನೋಡಿದರು. ಆಮೇಲೆ ತಿಮ್ಮೇಗೌಡರ ಹೊಟ್ಟೆ ಅಲುಗಾಡಿತು. ಮದುವೆ ಮಾತುಕತೆಯ ದಿನದಿಂದ ಒಮ್ಮೆಯೂ ನಗದಿದ್ದ ಮನುಷ್ಯ ಗಾಡಿಗೆ ಒರಗಿಕೊಂಡು, ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಅಜ್ಜಿಯೂ ನಕ್ಕರು. ನಂತರ ಕಾವ್ಯಳ ಕೈ ಹಿಡಿದು ಮುಂದಿನ ಸೀಟಿಗೆ ಎಳೆದುಕೊಂಡರು. "ನಿನ್ನ ಕಾಲ್ಗುಣದಿಂದ ತಾಯಿ ಮುಖ ನೋಡ್ದೆ ಕಣವ್ವ. ಮುದ್ದೆ ನಾನೇ ಕಲಿಸಿಕೊಡ್ತೀನಿ, ಬಾ ಕೂತ್ಕೋ." ಬೇಲೂರು ಬರುವ ಹೊತ್ತಿಗೆ ಅಜ್ಜಿ ಅವಳ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಪಾತ್ರೆ ಹಿಡಿದು ಕೂತವನು ನಾನು. ಸಂತೋಷಕ್ಕೋ ಅವಮಾನಕ್ಕೋ, ಕಣ್ಣು ಮಾತ್ರ ಒದ್ದೆಯಾಗಿತ್ತು.

ಮತ್ತೆ ಬೀಗರೂಟಕ್ಕೆ ಕರೆಯಲು ಹಿರೀಸಾವೆಗೆ ಹೋದೆ. ಹೋಟೆಲಿನಲ್ಲಿ ಉಣ್ಣುತ್ತಿದ್ದ ಗುರುತಿಲ್ಲದ ಮನುಷ್ಯರೊಬ್ಬರು, "ದೇವಸ್ಥಾನದಲ್ಲಿ ಬೀಗರೂಟ ಹಾಕ್ಸಿದವರು ನೀವೇನಾ?" ಎಂದು ಕೈಮುಗಿದರು. ತಿಮ್ಮೇಗೌಡರು ಬರಲು ಒಪ್ಪಿ ಒಂದೇ ಷರತ್ತು ಹಾಕಿದರು. "ಆ ಡ್ರೈವರ್‌ನೂ ಕರೀರಿ ಬೀಗ್ರೆ. ಓದ್ಸಲದ ರುಚಿ ಗೊತ್ತಿರೋನು ಅವನೊಬ್ಬನೇ!"

ಅಂತೂ ನಮ್ಮ ಮನೆಯ ಮುಂದೆ ಶಾಮಿಯಾನ ಎದ್ದಿತು. ಸುಮಿತ್ರಾ ನನಗೆ ಎಲೆ ಹಾಸುವ ಕೆಲಸ ಮಾತ್ರ ಕೊಟ್ಟು, "ಬಾಯಿ ತೆಗೀಬೇಡಿ," ಎಂದಳು. ಮೊದಲ ಪಂಕ್ತಿಯಲ್ಲಿ ಬೀಗರ ಪಕ್ಕದಲ್ಲೇ ಮಂಜ ಕೂತ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. ಇಡೀ ಪಂಕ್ತಿ ಕೈ ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಸುಮಿತ್ರಾ, ಅವಳ ಹಿಂದೆ ಕಾವ್ಯ.

"ಈ ಸಲ ಉಪ್ಪು ಸರಿಯಾಗದೆ ಸಾ," ಎಂದ ಮಂಜ. "ಜಾಗಾನೂ ಸರಿಯಾಗದೆ."

ನಾನು ನೀರಿನ ಜಗ್ ಎತ್ತಿಕೊಂಡು ಪಂಕ್ತಿಯ ಆ ಕೊನೆಗೆ ಹೋದೆ.